ಬುಕ್ಕರಾಯನ ಕಲ್ಲೂ ನಮ್ಮ ಹುಡುಗರೂ

ಚರಿತ್ರೆಯ ಉತ್ತರಪತ್ರಿಕೆಗಳಲ್ಲಿ ಅರಸರೆಲ್ಲ ಒಂದೇ ತಾಯಿಯ ಮಕ್ಕಳು. ಪ್ರತಿಯೊಬ್ಬನೂ ಶೂರ, ದಾನಿ, ಕಲಾಪೋಷಕ. ಪ್ರತಿಯೊಬ್ಬನೂ ಕೆರೆ ಕಟ್ಟಿಸಿದ, ಸಾಲುಮರ ನೆಡಿಸಿದ. ಹೆಸರನ್ನು ಮುಚ್ಚಿ ಓದಿದರೆ ಅಶೋಕನೋ ಕೃಷ್ಣದೇವರಾಯನೋ ತಿಳಿಯದು. ಇಂಥ ಬರಹವನ್ನು ತಿದ್ದಿ ಕೆಂಪು ಮಸಿ ಖರ್ಚುಮಾಡುವುದಕ್ಕಿಂತ ಒಂದು ಶಾಸನವನ್ನೇ ಹುಡುಗರ ಮುಂದಿಡೋಣವೆಂದು ಹೊರಟೆ. ಕಲ್ಲನ್ನು ಹೊತ್ತು ತರಲಿಲ್ಲ. ಅದರ ಪಾಠವನ್ನು ಕಾಗದಕ್ಕಿಳಿಸಿ ಹಂಚಿದೆ, ಅಷ್ಟೆ.

ಶ್ರವಣಬೆಳಗೊಳದ 1368ರ ಶಾಸನ ಅದು. ಪಠ್ಯಪುಸ್ತಕದಲ್ಲಿ ಅದರ ಪಾಲಿಗೆ ಬರುವುದು ಸಾಮಾನ್ಯವಾಗಿ ಒಂದೇ ವಾಕ್ಯ: ಬುಕ್ಕರಾಯನು ಜೈನರಿಗೂ ಶ್ರೀವೈಷ್ಣವರಿಗೂ ರಾಜಿ ಮಾಡಿಸಿದನು, ಆದ್ದರಿಂದ ಅವನು ಪರಮತಸಹಿಷ್ಣು. ಕಲ್ಲು ಅಷ್ಟಕ್ಕೆ ಸುಮ್ಮನಾಗುವುದಿಲ್ಲ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಕಡೆಯ ಜೈನರು ತಮಗಾದ ಅನ್ಯಾಯವನ್ನು ಅರಸನಿಗೆ ಬಿನ್ನವಿಸಿಕೊಂಡರು. ಅರಸನು ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದನು. ಪಂಚಮಹಾವಾದ್ಯವೂ ಕಲಶವೂ ಜೈನರಿಗೆ ಹಿಂದಿನಂತೆಯೇ ಸಲ್ಲುವುದೆಂದನು. ಆಮೇಲೆ ಬರುವುದು ಲೆಕ್ಕ. ರಾಜ್ಯದ ಜೈನರು ವರ್ಷಕ್ಕೆ ಮನೆಗೊಂದು ಹಣ ಕೊಡಬೇಕು. ಅದರಿಂದ ತಿರುಮಲೆಯ ತಾತಯ್ಯನವರು ಬೆಳಗೊಳದ ದೇವರ ರಕ್ಷಣೆಗೆ 20 ಮಂದಿ ಆಳುಗಳನ್ನಿಡಬೇಕು. ಮಿಕ್ಕದ್ದರಲ್ಲಿ ಹಳೆಯ ಬಸದಿಗಳಿಗೆ ಸುಣ್ಣಗಾರೆ ಮಾಡಿಸಬೇಕು.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ರಾಜಿ ಆದಮೇಲೆ ಕಾವಲು ಏಕೆ ಸಾರ್? ಅದರ ಖರ್ಚೂ ಜೈನರದೇ ಏಕೆ?"

ಇಷ್ಟು ವರ್ಷ ಪಾಠ ಹೇಳಿದ್ದಕ್ಕೆ ಇಂಥ ಒಂದು ಪ್ರಶ್ನೆ ಬಂದರೆ ಸಾಕು ಎನಿಸಿತು. 'ಪರಮತಸಹಿಷ್ಣು' ಎಂಬ ಆ ದಪ್ಪ ಮಾತು ಸುಳ್ಳೆಂದು ನಾನು ಹೇಳಲಾರೆ. ಆದರೆ ಅದನ್ನು ಬರೆದವನಿಗೆ 20 ಕಾವಲುಗಾರರನ್ನು ನೋಡಬೇಕಾದ ಕಷ್ಟವಿಲ್ಲ. ನಮ್ಮ ಹುಡುಗರಿಗೆ ಆ ಕಷ್ಟ ಕೊಟ್ಟೆ. ಶಾಸನದ ಮೇಲೆ ಒಂದು ಪುಟ ಬರೆಯಬೇಕು. ಪ್ರತಿ ವಾಕ್ಯಕ್ಕೂ ಕಲ್ಲಿನ ಯಾವ ಸಾಲು ಆಧಾರವೆಂದು ಕೇಳಿದರೆ ತೋರಿಸಬೇಕು. ತೋರಿಸಲಾಗದಿದ್ದರೆ 'ಇರಬಹುದು' ಎಂದು ಸೇರಿಸಬೇಕು.

ಜಗಳ ಹೇಗೆ ಹತ್ತಿತೆಂದು ಕಥೆ ಕಟ್ಟಲು ಹಲವರಿಗೆ ಕೈ ತುರಿಸುತ್ತಿತ್ತು. ಅದನ್ನು ಕಲ್ಲು ಬಿಡಿಸಿ ಹೇಳುವುದಿಲ್ಲ, ಆದ್ದರಿಂದ ನೀವೂ ಹೇಳಕೂಡದು ಎಂದೆ. ಮುಖಗಳು ಬಾಡಿದವು. ಆದರೆ ವಾಕ್ಯಗಳು ಗಿಡ್ಡವಾದವು, ವಿಶೇಷಣಗಳು ಉದುರಿದವು. ವ್ಯಾಕರಣದ ಪಾಠದಿಂದ ಆಗದ ಕೆಲಸ ಅದು. ಸಹೋದ್ಯೋಗಿಯೊಬ್ಬರು, "ಇದಕ್ಕೆ ಪರೀಕ್ಷೆಯಲ್ಲಿ ಅಂಕ ಕೊಡುವವರು ಯಾರು ಸ್ವಾಮಿ?" ಎಂದರು. ನ್ಯಾಯವಾದ ಮಾತೇ. ಪರೀಕ್ಷೆಗೆ ಬೇಕಾದ ಆ ಒಂದು ವಾಕ್ಯವನ್ನೂ ಬಾಯಿಪಾಠ ಮಾಡಿಸಿದ್ದೇನೆ.

ಒಬ್ಬ ಹುಡುಗ ಅರಸನನ್ನು ಬಿಟ್ಟು ಬುಸುವಿಸೆಟ್ಟಿಯ ಬೆನ್ನು ಹತ್ತಿದ. ಶಾಸನದ ಕೊನೆಯಲ್ಲಿ ಬರುವ ಹೆಸರು ಅದು: ಕಲ್ಲೆಹದ ಹರ್ವಿಸೆಟ್ಟಿಯ ಮಗ, ಬುಕ್ಕರಾಯನಿಗೆ ಬಿನ್ನಹ ಮಾಡಿ ತಾತಯ್ಯನವರನ್ನು ಕರೆತಂದವನು. ಎರಡು ಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರು. ಹುಡುಗ ಬರೆದಿದ್ದ: "ಅರಸನು ಕೈ ಹಿಡಿಸಿದನು. ಆದರೆ ಅರಸನ ಬಳಿಗೆ ನಡೆದು ಹೋದವನು ಸೆಟ್ಟಿ." 'ನಡೆದು' ಎಂಬುದರ ಕೆಳಗೆ ಗೆರೆ ಎಳೆದು, ಯಾವ ಸಾಲಿನಲ್ಲಿದೆ ಎಂದು ಕೇಳಿದೆ. ತಲೆ ಕೆರೆದುಕೊಂಡು, ಅದನ್ನು ಹೊಡೆದುಹಾಕಿ, 'ಹೋದವನು' ಎಂದಷ್ಟೇ ಉಳಿಸಿಕೊಂಡ.