ಆಯಿಯ ರಿಸರ್ವ್ ಬ್ಯಾಂಕು

ಮುರ್ಡೇಶ್ವರಕ್ಕೆ ಬಂದವರೆಲ್ಲ ಕತ್ತು ನೋಯುವ ತನಕ ಮೇಲೆ ನೋಡುತ್ತಾರೆ. 123 ಅಡಿಯ ಶಿವ, 20 ಅಂತಸ್ತಿನ ರಾಜಗೋಪುರ, ನೋಡಬೇಕಾದದ್ದೇ. ಊರಿನವರಾದ ನಮಗೆ ಈಚೆಗೆ ಕತ್ತು ನೋಯುವುದು ಬೇರೊಂದು ಎತ್ತರ ನೋಡಿ. 2025ರ ಏಪ್ರಿಲಿನಲ್ಲಿ ಹತ್ತು ಗ್ರಾಂ ಚಿನ್ನ ಒಂದು ಲಕ್ಷ ರೂಪಾಯಿ ದಾಟಿತು. ಅಲ್ಲಿಂದೀಚೆಗೆ ಬಸ್‌ಸ್ಟ್ಯಾಂಡಿರಲಿ, ಶ್ರಾದ್ಧದ ಊಟದ ಪಂಕ್ತಿಯಿರಲಿ, ಮಾತು ಸುತ್ತಿ ಬಳಸಿ ಅಲ್ಲಿಗೇ ಬಂದು ನಿಲ್ಲುತ್ತದೆ.

ಈ ಗದ್ದಲಕ್ಕೆ ಕಿವಿಗೊಡದವಳು ನನ್ನ ಆಯಿ ಒಬ್ಬಳೇ. “ಬಂಗಾರ ಏರಿದ್ದಿಲ್ಲೆ ತಮಾ, ನಿಂಗಳ ರೂಪಾಯಿ ಇಳದ್ದು” ಎಂದು ಹೇಳಿ ಅವಳು ಕರೆಂಟು ಹೋಗುವುದರೊಳಗೆ ದೋಸೆಗೆ ರುಬ್ಬಲು ಏಳುತ್ತಾಳೆ. ಅರ್ಥಶಾಸ್ತ್ರಜ್ಞರು ನಕ್ಷೆ ಬರೆದು ಹೇಳುವುದೂ ಹೆಚ್ಚುಕಡಿಮೆ ಇದನ್ನೇ.

ಆಯಿಯ ಕೈಯಲ್ಲಿ ಎರಡು ಜೊತೆ ಪಾಟ್ಲಿ. ಒಂದು ಜೊತೆ ಅವಳ ಅತ್ತೆಯಿಂದ ಬಂದದ್ದು. ಅಂಚು ಸವೆದು, ಮೇಲಿನ ಬಳ್ಳಿಯ ಕೆತ್ತನೆ ಈಗ ಬೆರಳಿಗೆ ಸಿಕ್ಕೀತೇ ಹೊರತು ಕಣ್ಣಿಗೆ ಸಿಗದು. ಇನ್ನೊಂದು ಜೊತೆ ಸವೆದಿಲ್ಲ, ಏಕೆಂದರೆ ಮಳೆಗಾಲವೆಲ್ಲ ಅದು ಸಾಲಕ್ಕೆ ಅಡವಾಗಿ ಸೊಸೈಟಿಯ ತಿಜೋರಿಯಲ್ಲಿ ಇರುತ್ತಿತ್ತು. ಆಷಾಢದ ಮಳೆ ಹಿಡಿದರೆ ಅಡಕೆಗೆ ಕೊಳೆರೋಗ. ಮೈಲುತುತ್ತ, ಸುಣ್ಣ ತಂದು ಮದ್ದು ಕಲಸಬೇಕು, ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನಿಗೆ ಅಂದಂದೇ ಸಂಬಳ ಕೊಡಬೇಕು. ಅಡಕೆಯ ದುಡ್ಡು ಬರುವುದೋ, ಕೊಯ್ಲು ಮುಗಿದು, ಅಂಗಳದಲ್ಲಿ ಹರವಿದ್ದು ಒಣಗಿ, ಚಾಲಿ ಸುಲಿದಾದ ಮೇಲೆ. ಅಲ್ಲಿಯತನಕ ತೋಟವನ್ನು ಸಾಕುವುದು ಪಾಟ್ಲಿ.

ಆಯಿಯ ಜೊತೆ ಸೊಸೈಟಿಗೆ ಹೋದಾಗ ನನಗೆ ನೋಡಲು ಖುಷಿಯಾಗುತ್ತಿದ್ದದ್ದು ಒರೆ ಹಚ್ಚುವ ಸೊನಗಾರರ ಕೈ. ಕರಿಯ ಕಲ್ಲಿನ ಮೇಲೆ ಪಾಟ್ಲಿಯನ್ನು ಒಮ್ಮೆ ತೀಡುವರು; ಹಳದಿ ಗೆರೆ ಮೂಡುವುದು. ಅದರ ಮೇಲೆ ಆಸಿಡ್ಡಿನ ಒಂದು ಹನಿ. ಗೆರೆ ಅಳಿಯಿತೋ ಉಳಿಯಿತೋ ಎಂದು ಅವರು ಕಣ್ಣು ಕಿರಿದು ಮಾಡಿ ನೋಡುವಷ್ಟು ಹೊತ್ತು ಆಯಿ ಬೇರೆ ಕಡೆ ನೋಡುತ್ತಿದ್ದಳು. ಆಮೇಲೆ ತೂಕ, ಬಟ್ಟೆಯ ಚೀಲ, ನಂಬರಿನ ಚೀಟಿ, ಅರಗಿನ ಮುದ್ರೆ. ಅದೇ ಸಾಲಿನಲ್ಲಿ ಬೋಟಿಗೆ ಹೋಗುವವರ ಮನೆಯ ಹೆಂಗಸರೂ ಇರುತ್ತಿದ್ದರು. ಈಗಂತೂ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟು ಕಡಲಿಗೆ ಇಳಿಯುವಂತಿಲ್ಲ. ಮಳೆಯ ಜೊತೆ ಒಳಗೆ ಹೋದ ಬಂಗಾರ ಬಂಗುಡೆಯ ಜೊತೆ ಹೊರಗೆ ಬರಬೇಕು. ತೋಟದವರಿಗೂ ಕಡಲಿನವರಿಗೂ ಹತ್ತು ವಿಷಯದಲ್ಲಿ ಹೊಂದದಿರಬಹುದು, ಆ ಕೌಂಟರಿನ ಮುಂದೆ ಎಲ್ಲರದೂ ಒಂದೇ ಮತ.

ಈ ಕರಾವಳಿಗೆ ಚಿನ್ನದ ನಂಟು ಹಳೆಯದು. ಅದನ್ನು ಎಳೆದು ತಂದದ್ದು ಕಾಳುಮೆಣಸು. ಭಾರತ ವರ್ಷವರ್ಷವೂ ಐದು ಕೋಟಿ ಸೆಸ್ಟರ್ಸ್ ಎಳೆದುಕೊಳ್ಳುತ್ತಿದೆ ಎಂದು ರೋಮಿನ ಪ್ಲಿನಿ ಒಂದನೇ ಶತಮಾನದಲ್ಲೇ ಗೊಣಗಿದ್ದ. ವಿಜಯನಗರದ ಕಾಲಕ್ಕೆ ಭಟ್ಕಳ, ಹೊನ್ನಾವರದ ಬಂದರುಗಳಲ್ಲಿ ಕುದುರೆ ಇಳಿಯುತ್ತಿತ್ತು, ಮೆಣಸು ಏರುತ್ತಿತ್ತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಇಕ್ಕೇರಿಯ ನಾಯಕರು ತಮ್ಮ ವರಹದ ಮೇಲೆ ಶಿವಪಾರ್ವತಿಯರನ್ನು ಅಚ್ಚು ಹಾಕಿಸಿದರು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ಆ ಶಿವಪಾರ್ವತಿಯರನ್ನು ಕದಲಿಸಲಿಲ್ಲ. ನಾಣ್ಯದ ಹಿಂಬದಿಯಲ್ಲಿ ತನ್ನ ಹೆಸರಿನ ಒಂದಕ್ಷರ ಹಾಕಿಸಿಕೊಂಡು ಸುಮ್ಮನಾದ. ಸಂತೆಯಲ್ಲಿ ನಡೆಯುವುದು ದೊರೆಯ ಹೆಸರಲ್ಲ, ಜನ ನಂಬಿದ ವರಹ ಎಂಬುದು ಅವನಿಗೆ ಗೊತ್ತಿದ್ದಿರಬೇಕು.

ಕಾಗದದ ಹಣ ನಡೆಯುವುದು ಮಾತ್ರ ದೊರೆಯ ಮಾತಿನ ಮೇಲೆ. ಹೊರದೇಶದ ಸರಕಾರಗಳು ಕೇಳಿದರೆ 35 ಡಾಲರಿಗೆ ಒಂದು ಔನ್ಸ್ ಚಿನ್ನ ಕೊಡುತ್ತೇವೆ ಎಂಬ ಅಮೆರಿಕದ ಮಾತನ್ನು ನಿಕ್ಸನ್ 1971ರ ಆಗಸ್ಟ್ 15ರಂದು ಹಿಂದಕ್ಕೆ ಪಡೆದರು. ಅಲ್ಲಿಗೆ ಜಗತ್ತಿನ ನೋಟುಗಳಿಗೆ ಉಳಿದದ್ದು ಬರೀ ಭರವಸೆ. ಸರಕಾರ ವರಮಾನಕ್ಕಿಂತ ಹೆಚ್ಚು ಖರ್ಚು ಮಾಡುತ್ತದೆ, ಸಾಲ ತರುತ್ತದೆ. ಬೆಲೆ ಏರಿದಷ್ಟೂ ಆ ಸಾಲ ಕರಗುತ್ತದೆ. ಕೊಟ್ಟವನಿಗೆ ಅಂಕಿ ವಾಪಸು ಬರುತ್ತದೆ, ಅಕ್ಕಿ ವಾಪಸು ಬರುವುದಿಲ್ಲ.

ಇದನ್ನು ಭಟ್ಕಳದವರಿಗೆ ಯಾರೂ ಕಲಿಸಬೇಕಾಗಿಲ್ಲ. ಅಲ್ಲಿನ ಅನೇಕ ಮನೆಗಳ ಅನ್ನ ಕೊಲ್ಲಿಯಿಂದ ಬಂದದ್ದು. ಆ ಕೊಲ್ಲಿ ನಾಡುಗಳಲ್ಲಿ ಒಂದು ಕಾಲಕ್ಕೆ ನಮ್ಮ ರೂಪಾಯಿಯೇ ನಡೆಯುತ್ತಿತ್ತು. ಆ ರೂಪಾಯಿ ಕೊಟ್ಟು ಚಿನ್ನ ಕೊಂಡು ಕದ್ದು ತರುವವರು ಹೆಚ್ಚಾದಾಗ ರಿಸರ್ವ್ ಬ್ಯಾಂಕು 1959ರಲ್ಲಿ ಕೊಲ್ಲಿಗೆಂದೇ ಬೇರೆ ನೋಟು ಅಚ್ಚು ಹಾಕಿತು. 1963ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿಯವರ ಚಿನ್ನ ನಿಯಂತ್ರಣ ಬಂತು: ಹೊಸ ಒಡವೆ 14 ಕ್ಯಾರೆಟ್ಟು ಮೀರಬಾರದು. ದೇಶದುದ್ದಕ್ಕೂ ಅಕ್ಕಸಾಲಿಗರ ಅಗ್ಗಿಷ್ಟಿಕೆ ಆರಿತು. 1966ರ ಜೂನಿನಲ್ಲಿ ಒಂದೇ ಏಟಿಗೆ ಡಾಲರಿನ ಬೆಲೆ 4.76 ರೂಪಾಯಿಯಿಂದ 7.50ಕ್ಕೆ ಏರಿತು, ಕೊಲ್ಲಿಯವರು ನಮ್ಮ ನೋಟನ್ನು ಕೈಬಿಟ್ಟರು. ಬಂಗಾರ ಹೊರತಂದು ದೇಶಕ್ಕೆ ಕೊಡಿ ಎಂದವರ ಮಾತು ಕೇಳದ ಹೆಂಗಸರು ಆ ವರ್ಷ ಬುದ್ಧಿವಂತರಾಗಿ ಕಂಡಿರಬೇಕು.

ಕೊನೆಗೆ ಸರಕಾರವೂ ಸೊಸೈಟಿಯ ಸಾಲಿಗೆ ಬಂದು ನಿಂತಿತು. 1991ರಲ್ಲಿ ಹೊರದೇಶದ ಸಾಲದ ಕಂತು ಕಟ್ಟಲು ಡಾಲರಿಲ್ಲದಾಗ ಮೊದಲು ಹೋದದ್ದು 20 ಟನ್, ಅದೂ ಕಳ್ಳಸಾಗಣೆಯವರಿಂದ ಜಪ್ತು ಮಾಡಿದ್ದು. ದೇಶದ ಮಾನಕ್ಕೆ ಮೊದಲು ಒದಗಿದ್ದು ಕಾನೂನು ಬೇಡವೆಂದ ಬಂಗಾರ! ಜುಲೈಯಲ್ಲಿ ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಅಡಮಾನಕ್ಕೆ ಹೋಗಿ 40 ಕೋಟಿ ಡಾಲರ್ ತಂದಿತು. ಪತ್ರಿಕೆಗಳು ನಾಚಿಕೆಗೇಡು ಎಂದು ಬರೆದವು. ಆಯಿಗೆ ಅದರಲ್ಲಿ ನಾಚಿಕೆ ಕಾಣಲಿಲ್ಲ. “ಬಿಡಿಸ್ಕಂಡ್ವ ಇಲ್ಯ?” ಎಂದಷ್ಟೇ ಕೇಳಿದಳು. ಅದೇ ವರ್ಷ ಬಿಡಿಸಿಕೊಂಡರು.

ಹಾಗೆಂದು ಚಿನ್ನ ಬೆಲೆಯೇರಿಕೆಗೆಲ್ಲ ಮದ್ದು ಎನ್ನುವವರ ಜೊತೆ ನಾನಿಲ್ಲ. ತಂಗಿಯ ಮದುವೆಗೆ 1996ರಲ್ಲಿ ಕೊಂಡಾಗ ಹತ್ತು ಗ್ರಾಮಿಗೆ ಐದು ಸಾವಿರದ ಆಸುಪಾಸು, 2002ರಲ್ಲೂ ಅಷ್ಟೇ. ಅಷ್ಟರಲ್ಲಿ ಅಕ್ಕಿ, ಸೀಮೆಎಣ್ಣೆ, ಬಸ್ ಚಾರ್ಜು ಸುಮ್ಮನೆ ಕೂತಿರಲಿಲ್ಲ. ಹೊರಗಿನ ಪೇಟೆಯಲ್ಲಿ ಇನ್ನೂ ಕಷ್ಟ: 1980ರ ಜನವರಿಯಲ್ಲಿ ಔನ್ಸಿಗೆ 850 ಡಾಲರ್ ಮುಟ್ಟಿದ ಚಿನ್ನ ಮತ್ತೆ ಆ ದರ ಕಂಡದ್ದು 2008ರಲ್ಲಿ. ಮೇಲೆ ಮಜೂರಿ, ವೇಸ್ಟೇಜು. ಕೊಂಡವನು ಅಂಗಡಿಯ ಮೆಟ್ಟಿಲಿಳಿಯುವಾಗಲೇ ಒಂದಿಷ್ಟು ಕಳೆದುಕೊಂಡಿರುತ್ತಾನೆ.

ಹಾಗಾದರೆ ಆಯಿ ಗೆದ್ದದ್ದು ಹೇಗೆ? ದರ ಏರಿದ್ದರಿಂದ ಅಲ್ಲ. ಅವಳು ಒಂದು ಗ್ರಾಮನ್ನೂ ಮಾರಿಲ್ಲ. ಪಾಟ್ಲಿ ಯಾರ ಭರವಸೆಯ ಮೇಲೂ ನಿಂತಿಲ್ಲ, ಯಾರ ಸಾಲವೂ ಅಲ್ಲ. ಹಾಗಾಗಿ ಅದನ್ನು ತೋರಿಸಿದರೆ ಸಾಕು, ಸಾಲ ಹುಟ್ಟುತ್ತದೆ. ಜಮೀನಿನ ಪಹಣಿ ಅಪ್ಪಯ್ಯನ ಹೆಸರಲ್ಲಿತ್ತು, ತೋಟದ ಲೆಕ್ಕವೂ ಅವನದೇ. ಆಯಿಯ ಸಹಿಗೆ ಬೆಲೆ ಇದ್ದದ್ದು ಆ ಒಂದು ಕೌಂಟರಿನಲ್ಲಿ. ಹಣದುಬ್ಬರಕ್ಕಿಂತ ಹೆಚ್ಚಾಗಿ ಅವಳನ್ನು ಚಿನ್ನ ಕಾಯ್ದದ್ದು ಇನ್ನೊಬ್ಬರ ಮುಂದೆ ಕೈಯೊಡ್ಡುವುದರಿಂದ.

ಸರಕಾರ ಚಿನ್ನವನ್ನೇ ಕಾಗದ ಮಾಡಿ ಮಾರಿದ್ದೂ ಆಯಿತು. 2015ರ ನವೆಂಬರಿನಲ್ಲಿ ಗ್ರಾಮಿಗೆ 2,684 ರೂಪಾಯಿಗೆ ಕೊಟ್ಟ ಮೊದಲ ಬಾಂಡಿಗೆ ಎಂಟು ವರ್ಷದ ಮೇಲೆ 6,132 ರೂಪಾಯಿ ತೆರಬೇಕಾಯಿತು, ಬಡ್ಡಿ ಬೇರೆ. ಕೊಂಡವರು ಗೆದ್ದರು. 2024ರ ಫೆಬ್ರವರಿಯ ನಂತರ ಹೊಸ ಕಂತು ಬಂದಿಲ್ಲ. ರಿಸರ್ವ್ ಬ್ಯಾಂಕು ಮಾತ್ರ ಗಟ್ಟಿ ಚಿನ್ನವನ್ನು ಕೂಡಿಡುತ್ತಲೇ ಬಂದು, 2025ರ ಮಾರ್ಚಿಗೆ ಅದರ ಲೆಕ್ಕ 880 ಟನ್ನಿನ ಹತ್ತಿರ ನಿಂತಿತು. ಅದೂ ಮಾರುವುದಕ್ಕಲ್ಲ, ಇದೆ ಎಂದು ತೋರಿಸುವುದಕ್ಕೆ. ಅದಕ್ಕೂ ಆಯಿಗೂ ನನಗೆ ಕಾಣುವ ವ್ಯತ್ಯಾಸ ಒಂದೇ: ಆಯಿ ತನ್ನ ಮೀಸಲು ನಿಧಿಯನ್ನು ಮದುವೆಮನೆಗೆ ಹಾಕಿಕೊಂಡು ಹೋಗುತ್ತಾಳೆ.