ಅಕ್ಕನ ಪಾಲು

ಡಲ್ಲಾಸಿನ ಬೇಸಿಗೆ ಸೂಟಿ ನಮ್ಮ ಗುಳೇದಗುಡ್ಡಕ್ಕೆ ಬರುವುದು ಮಳೆಗಾಲದಲ್ಲಿ. ಅಲ್ಲಿ ಶಾಲೆ ಬಿಟ್ಟು, ಅಕ್ಕನ ಮನೆಯವರು ಟಿಕೆಟ್ ಹೊಂದಿಸಿಕೊಂಡು ಹೊರಡುವಷ್ಟರಲ್ಲಿ ಇಲ್ಲಿ ಮಾವಿನಹಣ್ಣಿನ ಸೀಕರಣಿ ಮುಗಿದಿರುತ್ತದೆ, ಮಾಳಿಗೆಯ ಮೇಲೆ ಮಲಗುವ ದಿನಗಳೂ ಮುಗಿದಿರುತ್ತವೆ. "ಹಣ್ಣ ಇದ್ದಾಗ ಬರಾಕ ಆಗೂದಿಲ್ಲೇನವಾ?" ಎಂದು ಅವ್ವ ಫೋನಿನಲ್ಲಿ ಅಕ್ಕನನ್ನು ಎಷ್ಟು ವರ್ಷ ಕೇಳಿದಳೋ. ಒಂದು ಸಲ ಮಾತ್ರ ಅವರು ಇಲ್ಲಿದ್ದಾಗಲೇ ನಾಗರಪಂಚಮಿ ಬಂತು. ಯಾವ ವರ್ಷವೋ ಈಗ ಹೇಳಲಾರೆ. ಹಿತ್ತಲ ಬೇವಿನಮರ ಇನ್ನೂ ಇತ್ತು, ಅಪ್ಪನೂ ಇದ್ದ, ಅಷ್ಟು ನೆನಪು.

ನಮ್ಮ ಕಡೆ ಪಂಚಮಿಗೆ ಅಣ್ಣನೋ ತಮ್ಮನೋ ಹೋಗಿ ಹೆಣ್ಣುಮಗಳನ್ನು ತವರಿಗೆ ಕರೆತರಬೇಕು. ಅಕ್ಕ "ಬಾದಾಮಿ ಸ್ಟೇಷನ್ನಿಂದ ಕಾರ್ ಮಾಡ್ಕೊಂಡು ನಾವ ಬರ್ತೀವಿ, ತಮ್ಮಗ ಯಾಕ ತ್ರಾಸ" ಎಂದಳು. ಅವ್ವ ಕೇಳಲಿಲ್ಲ. "ಅಕಿ ಅಮೆರಿಕಾದಾಗರ ಇರಲಿ, ಆಕಾಶದಾಗರ ಇರಲಿ. ಕರಿಯಾಕ ಹೋಗಬೇಕಂದ್ರ ಹೋಗಬೇಕು ನೋಡು ತಮ್ಮಾ" ಎಂದು ನನ್ನನ್ನು ಕತ್ತಲಿರುವಾಗಲೇ ಎಬ್ಬಿಸಿ ಕಳಿಸಿದಳು.

ಜಿಟಿಜಿಟಿ ಮಳೆ. ಗೋಲಗುಂಬಜ್ ಎಕ್ಸ್‌ಪ್ರೆಸ್ ಬೆಂಗಳೂರಿನಿಂದ ರಾತ್ರಿಯೆಲ್ಲ ಓಡಿ ಬರುವ ಗಾಡಿ. ಮೀಟರ್ ಗೇಜಿನ ಸಣ್ಣ ಗಾಡಿಯ ಕಾಲದಲ್ಲಿ ಅಪ್ಪ ಖಣದ ಗಂಟು ಹೊತ್ತು ಇದೇ ಹಳಿ ಹಿಡಿದು ಸೊಲ್ಲಾಪುರಕ್ಕೆ ಹೋಗುತ್ತಿದ್ದ. ನಮ್ಮೂರ ಖಣ ಮಹಾರಾಷ್ಟ್ರದ ಹೆಣ್ಣುಮಕ್ಕಳಿಗೂ ಬಲು ಪ್ರೀತಿಯ ಕುಪ್ಪಸ. ಅಂದಹಾಗೆ ನಮ್ಮ ಮಾಮಾ, ಅಂದರೆ ಅಕ್ಕನ ಗಂಡ, ಇಳಕಲ್ಲಿನವರು. ಇಳಕಲ್ ಸೀರೆಗೆ ಗುಳೇದಗುಡ್ಡದ ಖಣವೇ ಜೋಡಿ ಎಂಬುದು ಈ ಸೀಮೆಯ ಎಲ್ಲರಿಗೂ ಗೊತ್ತು. ಮದುವೆ ಗೊತ್ತಾದ ದಿನ ಅಪ್ಪ ಬಾಯ್ತುಂಬ ನಕ್ಕು, "ಸೀರಿ ಅಲ್ಲಿಂದ ಬಂತು, ಖಣ ನಮ್ಮದು. ಇನ್ನೇನ ನೋಡೂದದ?" ಎಂದಿದ್ದ. ಹಾಂ, ಗಾಡಿ ಬಂತು. ಮೊದಲು ಇಳಿದದ್ದು ಪೆಟ್ಟಿಗೆಗಳು, ಆಮೇಲೆ ಮಾಮಾ, ಅವರ ಕೈ ಹಿಡಿದು ಏಳೆಂಟು ವರ್ಷದ ಮಗಳು. ಕೊನೆಗೆ ಇಳಿದ ಅಕ್ಕ ನನ್ನನ್ನು ಕಂಡು, "ಅವ್ವ ಕಳಿಸ್ಯಾಳೇನ?" ಎಂದಳು. ಅಷ್ಟೇ ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಮ್ಮ ಮುಂಜಾನೆ 6 ಎಂದರೆ ಆಗ ಡಲ್ಲಾಸಿನಲ್ಲಿ ಹಿಂದಿನ ದಿನದ ರಾತ್ರಿ 7:30. ಕೂಸಿಗೆ ನಡುರಾತ್ರಿಯಲ್ಲಿ ಎಚ್ಚರಾಗುತ್ತಿತ್ತು. ಅವ್ವನಿಗೂ ಮೊದಲಿನಿಂದ ನಿದ್ದೆ ಕಡಿಮೆ. ಇಬ್ಬರೂ ಪಡಸಾಲೆಯಲ್ಲಿ ಕೂತು ಹುರಿದ ಶೇಂಗಾ ಸುಲಿಯುತ್ತ ಮಾತಿಗಿಳಿಯುತ್ತಿದ್ದರು. ಕೂಸಿನ ಕನ್ನಡ ತಡವರಿಸುತ್ತಿತ್ತು. ಅವ್ವ ಇಂಗ್ಲಿಷಿನ ಒಂದು ಅಕ್ಷರ ಕಲಿತವಳಲ್ಲ. ಆದರೂ ಎಂಟು ದಿನದೊಳಗೆ ಆ ಹುಡುಗಿಯ ಗೆಳತಿಯರೆಷ್ಟು, ಯಾರ ಮನೆಯಲ್ಲಿ ನಾಯಿ ಇದೆ, ಯಾರ ಹಲ್ಲು ಬಿದ್ದಿದೆ, ಎಲ್ಲ ಅವ್ವನಿಗೆ ಗೊತ್ತಾಗಿತ್ತು. ಬೆಳಕು ಹರಿಯುವ ಹೊತ್ತಿಗೆ ಪಕ್ಕದ ಮನೆಯ ಮಗ್ಗ ಖಟಕ್ ಖಟಕ್ ಎಂದು ಶುರುವಾದರೆ ಕೂಸು ಹಾರಿಕೊಂಡು ಅಪ್ಪನ ಹತ್ತಿರ ಓಡುತ್ತಿತ್ತು. ಅಪ್ಪ ಅದನ್ನು ನಮ್ಮ ಕುಣಿಮಗ್ಗದ ಅಂಚಿಗೆ ಕೂರಿಸಿಕೊಂಡು, "ಇದು ತೇರು, ಇದು ಆನಿ ಹೆಜ್ಜಿ" ಎಂದು ಖಣದ ಬುಟ್ಟಾ ತೋರಿಸುತ್ತಿದ್ದ. ಹುಡುಗಿಯ ಕಾಲು ಕುಣಿಯ ತಳಕ್ಕೆ ಎಟುಕುತ್ತಿರಲಿಲ್ಲ. ಅಪ್ಪ ತುಳಿಯುವುದು, ಅವಳು ಲಾಳಿಯ ಹಗ್ಗ ಜಗ್ಗುವುದು.

ಪಂಚಮಿ ನಮ್ಮಲ್ಲಿ ಒಂದೇ ದಿನಕ್ಕೆ ಮುಗಿಯುವ ಹಬ್ಬವಲ್ಲ. ಮೊದಲು ರೊಟ್ಟಿ ಹಬ್ಬ. ಕಟಿಕಟಿ ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣಗಾಯಿ, ಪುಂಡಿಪಲ್ಲೆ, ಗುರೆಳ್ಳು ಚಟ್ನಿ, ಇಷ್ಟನ್ನು ಬುಟ್ಟಿಯಲ್ಲಿಟ್ಟು ಮನೆಯಿಂದ ಮನೆಗೆ ಕೊಟ್ಟು ಬರಬೇಕು. ಅಕ್ಕನ ಶಾಲೆಯ ಗೆಳತಿಯರೆಲ್ಲ ಆ ನೆಪದಲ್ಲೇ ಬಂದರು. ಒಬ್ಬಾಕೆ ಮಾತ್ರ ಬುಟ್ಟಿ ಇಳಿಸುವ ಮೊದಲೇ ಅಕ್ಕನ ರಟ್ಟೆ ಹಿಡಿದು, "ಸೊರಗಿಯಲ್ಲೇ, ಅಲ್ಲಿ ಏನ ತಿಂತಿ?" ಎಂದು ಗದರಿಸಿ, ರೊಟ್ಟಿ ಮುರಿದು ತಾನೇ ಬಾಯಿಗಿಟ್ಟಳು. ಮಾಡಿಟ್ಟ ಉಂಡಿಗಳಲ್ಲಿ ಶೇಂಗಾದುಂಡಿ, ಎಳ್ಳುಂಡಿ, ರವೆ ಉಂಡಿ ನೆನಪಿವೆ. ತಂಬಿಟ್ಟು ದೊಡ್ಡವ್ವ ತಂದಿದ್ದಳೋ, ನಮ್ಮಲ್ಲೇ ಮಾಡಿದ್ದೋ ಮರೆತಿದೆ. ಬೇವಿನಮರಕ್ಕೆ ಜೋಕಾಲಿ ಕಟ್ಟಿದ್ದೆವು. ಸೀರೆಯ ನೆರಿಗೆ ಸಿಕ್ಕಿಸಿಕೊಂಡು ಅಕ್ಕ ಜೀಕಿದ ಭರಕ್ಕೆ ಮರದಲ್ಲಿ ನಿಂತಿದ್ದ ಮಳೆನೀರೆಲ್ಲ ನಮ್ಮ ಮೇಲೆ ಸುರಿಯಿತು.

ಹಾಲೆರೆಯುವ ಹೊತ್ತು. ಮಣ್ಣಿನ ನಾಗಪ್ಪನ ಮುಂದೆ ಕೂತು ಒಬ್ಬೊಬ್ಬರ ಹೆಸರಲ್ಲಿ ಹಾಲು ಹಾಕುವುದು ಪದ್ಧತಿ: ದೇವರ ಪಾಲು, ಅಪ್ಪನ ಪಾಲು, ಅವ್ವನ ಪಾಲು. ಮನೆಯಲ್ಲಿ ಇಲ್ಲದವರಿಗೂ ಪಾಲುಂಟು. ಅಕ್ಕ ಹೋದಾಗಿನಿಂದ "ಅಕ್ಕನ ಪಾಲು" ಎನ್ನುವಾಗ ಅವ್ವನ ದನಿ ತುಸು ನಿಲ್ಲುತ್ತಿತ್ತು. ಆ ವರ್ಷ ಅಕ್ಕನೇ ಕೂತು ಎರೆದಳು. ಕೂಸು ನೋಡಿತು, ನೋಡಿತು, "ನನ್ನ ಫ್ರೆಂಡ್ಸ್ ಪಾಲು?" ಎಂದಿತು. ಅಕ್ಕ ನಕ್ಕಳು. ಅವ್ವ ನಗಲಿಲ್ಲ. "ಹೌದಲ್ಲ, ಪಾಪ, ಅವರದು ಯಾರು ಎರಿತಾರ?" ಎಂದು ಬಟ್ಟಲು ಅದರ ಕೈಗೆ ಕೊಟ್ಟಳು. ಕೂಸು ಒಂದೊಂದೇ ಹೆಸರು ಹೇಳಿ, ತನ್ನ ಟೀಚರನ್ನೂ ಸೇರಿಸಿ, ಹಾಲೆಲ್ಲ ಖಾಲಿ ಮಾಡಿತು.

ಮರುದಿನವೋ ಮುಂದಿನ ದಿನವೋ ಬಾದಾಮಿಗೆ ಹೋದೆವು. ಮೊದಲನೇ ಗುಹೆಯ 18 ಕೈಗಳ ನಟರಾಜನನ್ನು ತೋರಿಸಿದರೆ ಹುಡುಗಿಯ ಕಣ್ಣು ಚಾವಣಿಗೆ ಹೋಗಿತ್ತು. ಅಲ್ಲಿ ಸುರುಳಿ ಸುತ್ತಿಕೊಂಡ ನಾಗರಾಜ, 6ನೇ ಶತಮಾನದ ಚಾಲುಕ್ಯರ ಕಾಲದ ಕೆಲಸ. "ಮಾಮಾ, ಇವನಿಗೆ ಹಾಲು ಯಾರು ಕೊಡ್ತಾರ?" ಎಂದು ನನ್ನನ್ನು ಕೇಳಿದಳು. ಆ "ಕೊಡ್ತಾರ" ಪೂರಾ ಅವ್ವನದೇ. ಅಲ್ಲಿಂದ ಬನಶಂಕರಿಗೆ ಹೋಗಿ, ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕೂತ ಅಜ್ಜಿಯರ ಹತ್ತಿರ ರೊಟ್ಟಿ, ಗಟ್ಟಿಮೊಸರು ಉಂಡೆವು. ಮನೆಯಲ್ಲಿ ಹಬ್ಬದ ಅಡುಗೆ ಇದ್ದರೂ ಆ ಮೊಸರಿನ ರುಚಿ ಬೇರೆ.

ಹೊರಡುವ ದಿನ ಅವ್ವ ಉಡಿ ತುಂಬಿದಳು. ಅಕ್ಕಿ, ಕಾಯಿ, ಬೆಲ್ಲ, ಎಲೆ ಅಡಿಕೆ, ಅಪ್ಪ ನೇಯ್ದ ಖಣ. "ಅಕ್ಕಿ ವಿಮಾನದಾಗ ಒಯ್ಯಾಕ ಬರೂದಿಲ್ಲವ್ವಾ" ಎಂದು ಅಕ್ಕ ಮೆಲ್ಲಗೆ ಹೇಳಿದಳು. "ಒಯ್ಯಬ್ಯಾಡ. ಹೊಸ್ತಿಲ ದಾಟೂ ಮುಂದ ಉಡಿಯಾಗ ಇದ್ರ ಸಾಕು." ಸ್ಟೇಷನ್ನಿನಲ್ಲಿ ಅಕ್ಕ ಅಕ್ಕಿ, ಕಾಯಿ ನನ್ನ ಟವೆಲ್ಲಿಗೆ ಸುರಿದಳು, ಖಣ ಮಾತ್ರ ಕೈಚೀಲದಲ್ಲಿ ಇಟ್ಟುಕೊಂಡಳು. ಆ ಅಕ್ಕಿಯನ್ನು ಅವ್ವ ಮಾತಿಲ್ಲದೆ ಮನೆಯ ಅಕ್ಕಿಯ ಡಬ್ಬಿಗೆ ಬೆರೆಸಿದಳು.

ಮುಂದಿನ ಪಂಚಮಿಗೆ ಅವರು ಬರಲಿಲ್ಲ. ಅವ್ವ ನಾಗಪ್ಪನ ಮುಂದೆ ಕೂತಳು. ಅಪ್ಪನ ಪಾಲು, ಅಕ್ಕನ ಪಾಲು, ಮೊಮ್ಮಗಳ ಪಾಲು. ಬಟ್ಟಲು ಇಳಿಸುವಳೆಂದು ನಾನು ಏಳಲು ಹೋದೆ. ಅವ್ವ ಕಣ್ಣಲ್ಲೇ ಕೂಡು ಎಂದು ಸನ್ನೆ ಮಾಡಿ, ಉಳಿದ ಹಾಲನ್ನು ನಿಧಾನವಾಗಿ ಎರೆದಳು: "ಅಕಿ ಗೆಳತ್ಯಾರ ಪಾಲು."