ಒಂದೇ ಧಾಟಿ, ಎರಡು ಕಾಗದ

ಶಿವಾಜಿನಗರದವರಿಗೆ ಬ್ಯಾಂಡ್ ಎಂದರೆ ಎರಡು. ಒಂದು ಬಾರಾತಿನ ಮುಂದೆ ನಡೆಯುವ ಹಿತ್ತಾಳೆ ಬ್ಯಾಂಡ್. ಇನ್ನೊಂದು ಕಬ್ಬನ್ ರಸ್ತೆಯ ಪರೇಡ್ ಮೈದಾನದ ಕಡೆಯಿಂದ ಕೇಳಿಬರುವ ಬ್ಯಾಗ್‌ಪೈಪ್. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಕಟ್ಟಿದರು, ಪಲ್ಟನ್ನುಗಳ ಬೆನ್ನಿಗೆ ಇಂಥ ವಾದ್ಯಗಳೂ ಬಂದವು. ಹುಟ್ಟು ಒಂದೇ ಆದರೂ ಪೈಪಿನವನಿಗೆ ಸಲಾಮು ಸಿಗುತ್ತದೆ, ಹಿತ್ತಾಳೆಯವನ ಜೊತೆ ಚೌಕಾಸಿ ನಡೆಯುತ್ತದೆ.

ನನ್ನ ಮಾಮು ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದರು. ಒಂದು ವರ್ಷ ಆಗಸ್ಟ್ 15ಕ್ಕೆ ಬಡಾವಣೆಯ ಸಮಿತಿಯವರು ಒಂದು ಶಾಲೆಯ ಪೈಪ್ ಬ್ಯಾಂಡನ್ನೂ ಮಾಮುವಿನ ತಂಡವನ್ನೂ ಕರೆದರು. ಇಬ್ಬರೂ 'ಸಾರೇ ಜಹಾಂ ಸೆ ಅಚ್ಛಾ' ನುಡಿಸಬೇಕು. ಶಾಲೆಯವರು ಬರೆದಿಟ್ಟಿದ್ದ ಹಾಳೆಯ ಪ್ರತಿಯೊಂದನ್ನು ಕೊಟ್ಟು, "ಹಾಡು ಒಂದೇ ತಾನೆ, ಇದನ್ನೇ ನೋಡಿ ನುಡಿಸಿ" ಎಂದರು. ನಾನು ಓದಿ ಹೇಳಿದ್ದನ್ನು ಕೇಳಿ ಮಾಮು ನಕ್ಕರು. "ಬೇಟಾ, ಇದು ಅವರ ಅಳತೆಗೆ ಹೊಲಿದ ಅಂಗಿ. ನಮ್ಮ ತೋಳು ಉದ್ದ."

ಇಕ್ಬಾಲರು ಅದನ್ನು ಬರೆದದ್ದು 1904ರಲ್ಲಿ. ನಾವು ಇಂದು ಹಾಡುವ ಧಾಟಿ ಪಂಡಿತ್ ರವಿಶಂಕರ್ 1945ರಲ್ಲಿ ಕೂಡಿಸಿದ್ದು. ಅದು ಹಾಡುವ ಗಂಟಲಿಗಾಗಿ ಕೂಡಿಸಿದ ಧಾಟಿ, ಪೈಪಿಗಾಗಲಿ ಟ್ರಂಪೆಟ್ಟಿಗಾಗಲಿ ಅಲ್ಲ.

ಪೈಪಿನ ನುಡಿಸುವ ಕೊಳವೆಯಲ್ಲಿರುವುದು ಒಂಬತ್ತೇ ಸ್ವರ. ಕೆಳಗಿನಿಂದ ಎರಡನೆಯದನ್ನು ಸಾ ಎಂದಿಟ್ಟರೆ ಒಂದು ಸ್ಥಾಯಿ ಪೂರ್ತಿ ಸಿಗುತ್ತದೆ, ಆದರೆ ನಿಷಾದ ಕೋಮಲವಾಗುತ್ತದೆ. ಶುದ್ಧ ನಿಷಾದ ಬೇಕೆಂದು ಸಾ ಅನ್ನು ಐದನೆಯದಕ್ಕೆ ಏರಿಸಿದರೆ, ಮೇಲೆ ಪಂಚಮಕ್ಕೇ ದಾರಿ ಮುಗಿಯುತ್ತದೆ. ಶಾಲೆಯ ಮಾಸ್ತರರು ಎರಡನೆಯ ದಾರಿ ಹಿಡಿದು, ಧಾಟಿ ಮೇಲೇರುವ ಕಡೆ ಅದನ್ನು ಕೆಳಕ್ಕೆ ಮಡಚಿದ್ದರು. ಸರಿಯಾದ ಕೆಲಸವೇ. ಚೀಲದ ಗಾಳಿ ನಿಲ್ಲದಿರುವುದರಿಂದ ಪೈಪಿನಲ್ಲಿ ಸ್ವರಕ್ಕೂ ಸ್ವರಕ್ಕೂ ನಡುವೆ ಮೌನವಿಲ್ಲ. ಒಂದೇ ಸ್ವರ ಎರಡು ಸಲ ಬೇಕಾದರೆ ನಡುವೆ ಬೆರಳಿನಿಂದ ಸಣ್ಣ ಸ್ವರವೊಂದನ್ನು ಚಿಮ್ಮಿಸಬೇಕು. ಮೆಲ್ಲಗೆ, ಜೋರಾಗಿ ಎಂಬುದೂ ಇಲ್ಲ. ಹಾಳೆಯ ತುಂಬ ಇಂಥ ಚಿಮ್ಮುಸ್ವರಗಳು. ಅವನ್ನು ಟ್ರಂಪೆಟ್ ಹಾಗೆಯೇ ಊದಿದರೆ ಬಿಕ್ಕಳಿಕೆ ಬಂದಂತಿರುತ್ತದೆ.

ಹಿತ್ತಾಳೆಯ ಕಷ್ಟ ಬೇರೆ. ಸ್ವರಕ್ಕೆ ಬರವಿಲ್ಲ, ಉಸಿರಿಗೆ ಬರ. ನಡೆಯುತ್ತ ಊದುವವನು ಎಲ್ಲೋ ಒಂದು ಕಡೆ ನಿಲ್ಲಿಸಲೇಬೇಕು. ಆದ್ದರಿಂದ ಮಾಮು ಸಾಲನ್ನು ಹಂಚಿದರು. ಟ್ರಂಪೆಟ್ ಬಿಟ್ಟಲ್ಲಿ ಕ್ಲಾರಿನೆಟ್ ಎತ್ತಿಕೊಳ್ಳುವುದು, ಮಡಚಿದ್ದನ್ನೆಲ್ಲ ಬಿಡಿಸಿ ಮೇಲಕ್ಕೆ ಹೋಗುವುದು, ಪೈಪಿನ ಶ್ರುತಿಕೊಳವೆ ಮಾಡುವ ಕೆಲಸವನ್ನು ಯೂಫೋನಿಯಂ ಉದ್ದ ಸ್ವರ ಹಿಡಿದು ಮಾಡುವುದು. ಅವರು ಗುನುಗಿದರು, ನಾನು ಸರಿಗಮದಲ್ಲಿ ಬರೆದೆ. ಉಸಿರು ತೆಗೆಯುವ ಜಾಗಕ್ಕೆ ಒಂದೊಂದು ಗೀಟು. ಮೂರು ರಾತ್ರಿ ಹಿಡಿಯಿತು. ಯೂಫೋನಿಯಂನವರಿಗೆ ತಮಿಳು ಅಕ್ಷರ ಮಾತ್ರ ಬರುತ್ತಿತ್ತು, ಅವರದನ್ನು ಬೇರೆಯವರಿಂದ ಬರೆಸಿದೆವು.

ಹಿಂದಿನ ದಿನ ಸಮಿತಿಯಿಂದ ಮಾತು ಬಂತು: ಮದುವೆ ಬ್ಯಾಂಡಿನವರು ಜರಿ ಕೋಟು ಹಾಕದೆ ಬಿಳಿ ಅಂಗಿಯಲ್ಲಿ ಬಂದು ಶಾಮಿಯಾನದ ಹಿಂದೆ ನಿಂತು ನುಡಿಸಲಿ. ಮಾಮು ಜಗಳಕ್ಕೆ ಹೋಗಲಿಲ್ಲ. "ಶಾಲೆ ಮಕ್ಕಳಿಗೂ ಬಿಳಿ ಅಂಗಿ ಹಾಕಿಸಿ, ನಾವೂ ಹಾಕುತ್ತೇವೆ" ಎಂದು ಹೇಳಿಕಳುಹಿಸಿದರು. ಉತ್ತರ ಬರಲಿಲ್ಲ. ಬೆಳಿಗ್ಗೆ ಅವರು ಜರಿ ಕೋಟಿನಲ್ಲೇ ಹೋಗಿ ಮುಂದೆ ನಿಂತರು. ಮೊದಲು ಪೈಪು, ಆಮೇಲೆ ಹಿತ್ತಾಳೆ. ನನ್ನ ಕಿವಿಗೆ ಪೈಪಿನದು ದೂರದ ಬೆಟ್ಟದಿಂದ ಬಂದಂತಿತ್ತು, ಮಾಮುವಿನದು ಪಕ್ಕದ ಮನೆಯಿಂದ. ಯಾವುದು ಹೆಚ್ಚೆಂದು ಕೇಳುವವರಿಗೆ ನಾನು ಉತ್ತರ ಹೇಳುವುದಿಲ್ಲ.

ತಂಡದಲ್ಲಿ ಟ್ರಂಪೆಟ್ಟಿನ ಹುಡುಗನೊಬ್ಬನಿದ್ದ. ಅದಕ್ಕೆ ಹಿಂದಿನ ವರ್ಷ ಸರ್ಕಾರಿ ಬ್ಯಾಂಡೊಂದರ ಆಯ್ಕೆಗೆ ಹೋಗಿ, ಕಿವಿಯಿಂದ ಏನನ್ನು ಕೇಳಿದರೂ ನುಡಿಸಿ, ಹಾಳೆ ಓದಲು ಬಾರದೆ ಹಿಂದಿರುಗಿದ್ದ. ಕಾರ್ಯಕ್ರಮ ಮುಗಿದ ರಾತ್ರಿ ಅವನು ಎರಡೂ ಕಾಗದ ಹಿಡಿದು ನಮ್ಮ ಮನೆಗೆ ಬಂದ. ಎರಡನ್ನೂ ಅಕ್ಕಪಕ್ಕ ಹರಡಿ, ಶಾಲೆಯವರ ಐದು ಗೆರೆಗಳ ಮೇಲೆ ಬೆರಳಿಟ್ಟು ಕೇಳಿದ: "ಅಣ್ಣಾ, ಇದರಲ್ಲಿ ನಮ್ಮ ಸಾ ಎಲ್ಲಿದೆ, ತೋರಿಸಿ."